ಪಿಯಾನೊ ಕಲಿಯುವವರ ಮೊದಲ ವರ್ಷದ ಅಭ್ಯಾಸ

ಶ್ರೋತೃಗಳಿಗೆ ನಮಸ್ಕಾರ.

ನಮ್ಮ ಮಲೆನಾಡಿನ ಮನೆಗಳಿಗೆ ಹಾರ್ಮೋನಿಯಂ ಹೊಸದೇನಲ್ಲ. ಜಗಲಿಯ ಮೂಲೆಯಲ್ಲೋ ದೇವರ ಕೋಣೆಯ ಪಕ್ಕದಲ್ಲೋ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ಆ ಪೆಟ್ಟಿಗೆ ಶನಿವಾರದ ಭಜನೆಗೆ ಹೊರಗೆ ಬರುತ್ತಿತ್ತು. ಈಗ ಅಂಥ ಎಷ್ಟೋ ಮನೆಗಳಿಗೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ಪೇಟೆಯಲ್ಲಿ ಕೆಲವರ ಮನೆಯಲ್ಲಿ ಡಿಜಿಟಲ್ ಪಿಯಾನೊ, ಅಪರೂಪಕ್ಕೆ ಮರದ ಪಿಯಾನೊ ಕೂಡ ಇದೆ. ನಾನು ಶಿವಮೊಗ್ಗದಲ್ಲಿ ಪಿಯಾನೊ ಪಾಠ ಹೇಳುತ್ತೇನೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುವ ವಿದ್ಯಾರ್ಥಿಗಳಿದ್ದಾರೆ. ನನ್ನೆದುರು ಅವರು ಕೂರುವುದು ಒಂದು ಗಂಟೆ ಮಾತ್ರ. ಉಳಿದ ಆರು ದಿನ ಮನೆಯಲ್ಲಿ ಒಬ್ಬರೇ ಕುಳಿತು ಏನು ಮಾಡುತ್ತಾರೆ ಎಂಬುದರ ಮೇಲೆಯೇ ಅವರ ಕಲಿಕೆ ನಿಂತಿದೆ. ಆ ಆರು ದಿನಗಳ ಬಗ್ಗೆ ಇವತ್ತು ಮಾತನಾಡುತ್ತೇನೆ.

ಹಾರ್ಮೋನಿಯಂ ಬಲ್ಲವರು ಪಿಯಾನೊ ಮುಂದೆ ಕುಳಿತಾಗ ಮೊದಲು ಸಂತೋಷಪಡುತ್ತಾರೆ, ಏಕೆಂದರೆ ಕಪ್ಪು ಮನೆ, ಬಿಳಿ ಮನೆಗಳ ಜೋಡಣೆ ಎರಡರಲ್ಲೂ ಒಂದೇ. ಬೆರಳಿನಿಂದ ಒತ್ತುವ ಕೀಗಳನ್ನು ನಾನೂ ಅವರ ಮಾತಿನಲ್ಲೇ ಮನೆ ಎನ್ನುತ್ತೇನೆ. ಪೂರ್ಣ ಪ್ರಮಾಣದ ಪಿಯಾನೊದಲ್ಲಿ 52 ಬಿಳಿ ಮನೆ, 36 ಕಪ್ಪು ಮನೆ, ಒಟ್ಟು 88. ಆದರೆ ಒಳಗಿನ ಕೆಲಸ ಬೇರೆ. ಹಾರ್ಮೋನಿಯಂನಲ್ಲಿ ಮನೆಯನ್ನು ಒತ್ತಿದರೆ ಗಾಳಿಗೆ ದಾರಿ ತೆರೆಯುತ್ತದೆ, ಅಷ್ಟೆ. ನಾದದ ಏರಿಳಿತವೆಲ್ಲ ತಿದಿ ಒತ್ತುವ ಎಡಗೈಯಲ್ಲಿದೆ. ಪಿಯಾನೊದಲ್ಲಿ ಮನೆಯನ್ನು ಒತ್ತಿದ ಕೂಡಲೇ ಉಣ್ಣೆಯ ಫೆಲ್ಟ್ ಹೊದಿಸಿದ ಒಂದು ಸಣ್ಣ ಸುತ್ತಿಗೆ ತಂತಿಗೆ ಹೊಡೆದು ತಟ್ಟನೆ ಹಿಂದೆ ಬೀಳುತ್ತದೆ. ಬೆರಳು ಎಷ್ಟು ವೇಗವಾಗಿ ಇಳಿಯಿತೋ ಅಷ್ಟು ಜೋರಾದ ನಾದ. ಇಟಲಿಯ ಫ್ಲಾರೆನ್ಸಿನಲ್ಲಿ ಮೆಡಿಚಿ ಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ 1700ರ ಸುಮಾರಿಗೆ ಈ ಸುತ್ತಿಗೆಯ ಯಂತ್ರವನ್ನು ಕಟ್ಟಿದ. ಅವನು 1720ರಲ್ಲಿ ಮಾಡಿದ ಒಂದು ವಾದ್ಯ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಪಿಯಾನೊದ ಪೂರ್ತಿ ಹೆಸರು ಪಿಯಾನೊಫೋರ್ಟೆ. ಇಟಲಿಯ ಭಾಷೆಯಲ್ಲಿ ಪಿಯಾನೊ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ. ಈ ಎರಡನ್ನೂ ಬೆರಳಿಗೇ ಬಿಟ್ಟುಕೊಟ್ಟ ವಾದ್ಯ ಎಂಬುದೇ ಅದರ ಹೆಸರಿನ ಅರ್ಥ.

ಆದ್ದರಿಂದ ಮೊದಲ ದಿನದ ಅಭ್ಯಾಸಕ್ಕೆ ಹಾಡು ಬೇಡ, ಒಂದೇ ಸ್ವರ ಸಾಕು. ಮೊಣಕೈ ಮನೆಗಳ ಮಟ್ಟಕ್ಕೆ ಬರುವಷ್ಟು ಎತ್ತರದಲ್ಲಿ ಕುಳಿತು, ಭುಜವನ್ನು ಸಡಿಲ ಬಿಟ್ಟು, ನಡುಬೆರಳಿನಿಂದ ಒಂದು ಬಿಳಿ ಮನೆಯನ್ನು ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಇಳಿಸಿ. ನಾದ ಪೂರ್ತಿ ಆರುವವರೆಗೆ ಕಾಯಿರಿ. ಆಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚು, ಮತ್ತೆ ಒಂದು ತೂಕ ಹೆಚ್ಚು. ಹೀಗೆ ಐದು ಮೆಟ್ಟಿಲುಗಳನ್ನು ಒಂದರಿಂದ ಒಂದು ಬೇರೆಯಾಗಿ ಕೇಳಿಸಲು ಸಾಧಾರಣವಾಗಿ ಒಂದು ವಾರ ಹಿಡಿಯುತ್ತದೆ. ಕೀಬೋರ್ಡ್ ಕೊಳ್ಳುವವರು ಇದನ್ನೇ ಅಂಗಡಿಯಲ್ಲಿ ಮಾಡಿ ನೋಡಬೇಕು: ಹೇಗೆ ಒತ್ತಿದರೂ ಒಂದೇ ಸದ್ದು ಬಂದರೆ ಅದು ಪಿಯಾನೊ ಅಭ್ಯಾಸಕ್ಕೆ ಒದಗುವುದಿಲ್ಲ. 61 ಮನೆಯ ವಾದ್ಯವಾದರೂ ಸರಿಯೆ, ಸ್ಪರ್ಶಕ್ಕೆ ಸ್ಪಂದಿಸುವಂಥದ್ದಾಗಿರಲಿ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಾನು ಕಲಿಯುವಾಗ ಪ್ರತಿ ಸಂಜೆ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತಿದ್ದೆ. ಒಂದು ಜಾಗದಲ್ಲಿ ಬೆರಳು ತಪ್ಪುತ್ತಿತ್ತು. ಅಲ್ಲಿ ನಿಂತು, ಸರಿಯಾದ ಸ್ವರ ಹುಡುಕಿ, ಮುಂದಕ್ಕೆ ಹೋಗುತ್ತಿದ್ದೆ. ಮರುದಿನ ಅದೇ ಜಾಗ, ಅದೇ ತಪ್ಪು. ಒಂದು ವರ್ಷ ಕಳೆದ ಮೇಲೆ ಅರ್ಥವಾಯಿತು: ನಾನು ಆ ತಪ್ಪನ್ನೇ, ನಂತರದ ತಡವರಿಕೆಯನ್ನೂ ಸೇರಿಸಿ, ನೂರಾರು ಸಲ ಅಭ್ಯಾಸ ಮಾಡಿದ್ದೆ, ಬೆರಳು ಅದನ್ನು ಚೆನ್ನಾಗಿಯೇ ಕಲಿತಿತ್ತು. ಬೆರಳಿಗೆ ಸರಿ ತಪ್ಪುಗಳ ವಿವೇಕವಿಲ್ಲ, ಎಷ್ಟು ಸಲ ಯಾವ ಚಲನೆ ಆಯಿತೋ ಅದನ್ನೇ ಅದು ಇಟ್ಟುಕೊಳ್ಳುತ್ತದೆ.

ಸುಗ್ಗಿಯ ದಿನಗಳಲ್ಲಿ ಅಡಿಕೆ ಸುಲಿಯುವ ಹೆಂಗಸರನ್ನು ನೀವೆಲ್ಲ ನೋಡಿದ್ದೀರಿ. ಮೆಟ್ಟುಗತ್ತಿಯ ಮುಂದೆ ಕುಳಿತು, ಪಕ್ಕದವರೊಡನೆ ಮಾತನಾಡುತ್ತಲೇ, ಒಳಗಿನ ಅಡಿಕೆಗೆ ಗಾಯವಾಗದಂತೆ ಸಿಪ್ಪೆಯನ್ನು ಬಿಡಿಸಿ ಬುಟ್ಟಿಗೆ ಹಾಕುವ ಆ ವೇಗವನ್ನು ಕಂಡರೆ ಆಶ್ಚರ್ಯವಾಗುತ್ತದೆ. ಆದರೆ ಅವರಲ್ಲಿ ಯಾರೂ ಮೊದಲ ವರ್ಷ ಆ ವೇಗದಲ್ಲಿ ಸುಲಿದವರಲ್ಲ. ಕತ್ತಿ ತಪ್ಪಿದರೆ ಬೆರಳು ಕೊಯ್ಯುತ್ತದೆಯಾದ್ದರಿಂದ ಕಲಿಯುವವರು ತಾವಾಗಿಯೇ ನಿಧಾನಿಸುತ್ತಾರೆ, ಒಂದೊಂದು ಕಾಯಿಯನ್ನೂ ನೋಡಿ ಹಿಡಿಯುತ್ತಾರೆ. ಪಿಯಾನೊ ಯಾರ ಬೆರಳನ್ನೂ ಕೊಯ್ಯುವುದಿಲ್ಲ. ತಪ್ಪಿದರೂ ನೋವಿಲ್ಲದ ಕಾರಣ ಇಲ್ಲಿ ನಿಧಾನವನ್ನು ನಾವೇ ಬೇಕೆಂದು ತಂದುಕೊಳ್ಳಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಜರ್ಮನಿಯ ಸಂಗೀತಗಾರ ಬಾಖ್‌ನ ಮನೆಯಲ್ಲಿ, ಅವನ ಹೆಂಡತಿ ಆನಾ ಮಾಗ್ದಲೇನಾಳಿಗಾಗಿ 1725ರಲ್ಲಿ ಆರಂಭಿಸಿದ ಒಂದು ಕೈಬರಹದ ಸಂಗೀತ ಪುಸ್ತಕವಿತ್ತು. ಅದರಲ್ಲಿರುವ ಜಿ ಮೇಜರಿನ ಒಂದು ಚಿಕ್ಕ ಮಿನುಯೆಟ್ಟನ್ನು, ಅಂದರೆ ನೃತ್ಯದ ಧಾಟಿಯ ರಚನೆಯನ್ನು, ಪ್ರಪಂಚದ ಎಲ್ಲ ಕಡೆ ಆರಂಭಿಕರಿಗೆ ಕಲಿಸುತ್ತಾರೆ. ಬಹುಕಾಲ ಅದು ಬಾಖ್‌ನ ರಚನೆಯೆಂದೇ ಹೆಸರಾಗಿತ್ತು. ನಿಜವಾಗಿ ಅದು ಡ್ರೆಸ್ಡೆನ್ನಿನ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂಬ ಆರ್ಗನ್ ವಾದಕನದು. ಷಡ್ಜವನ್ನು ಜಿ ಎಂಬ ಬಿಳಿ ಮನೆಯಲ್ಲಿಟ್ಟುಕೊಂಡರೆ ಅದರ ಮೊದಲ ಭಾಗ ನಮ್ಮ ಶಂಕರಾಭರಣದ ಸ್ವರಗಳಲ್ಲೇ ಕೂರುತ್ತದೆ. ಮೂರು ಎಣಿಕೆಯ ಆವರ್ತ. ಮೊದಲ ಆವರ್ತದಲ್ಲಿ ಪಂಚಮ ಒಂದು ಎಣಿಕೆ, ನಂತರ ಎಣಿಕೆಗೆ ಎರಡರಂತೆ ಸರಿ, ಗಮ. ಎರಡನೆಯದರಲ್ಲಿ ಪ, ಸ, ಸ. ಮೂರನೆಯದರಲ್ಲಿ ದ, ಮಪ, ದನಿ. ನಾಲ್ಕನೆಯದರಲ್ಲಿ ಮೇಲಿನ ಸ, ಆಮೇಲೆ ಕೆಳಗಿನ ಸ, ಸ.

ಪಿಯಾನೊದಲ್ಲಿ ಎರಡು ಕೈಗೂ ಹೆಬ್ಬೆರಳು ಒಂದು, ಕಿರುಬೆರಳು ಐದು. ಮೊದಲ ಎರಡು ಆವರ್ತಗಳಲ್ಲಿ ಬಲಗೈಯ ಹೆಬ್ಬೆರಳು ಷಡ್ಜದ ಮೇಲೆ, ಕಿರುಬೆರಳು ಪಂಚಮದ ಮೇಲೆ ಇರುತ್ತವೆ, ಕೈ ಕದಲಬೇಕಾಗಿಲ್ಲ. ಮೂರನೆಯ ಆವರ್ತಕ್ಕೆ ಹೋಗುವಾಗ ಇಡೀ ಕೈ ಮೇಲಕ್ಕೆ ಸರಿದು, ಹೆಬ್ಬೆರಳು ಮಧ್ಯಮಕ್ಕೆ ಬಂದು, ನಡುಬೆರಳು ಧೈವತವನ್ನು ನುಡಿಸಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರತಿಯೊಂದು ಆವರ್ತವನ್ನೂ ಬಿಡಿಬಿಡಿಯಾಗಿ ಚೆನ್ನಾಗಿ ನುಡಿಸಿರುತ್ತಾರೆ, ಎರಡನೆಯದರ ಕೊನೆಯಿಂದ ಮೂರನೆಯದರ ಮೊದಲಿಗೆ ದಾಟುವುದನ್ನು ಮಾತ್ರ ಎಂದೂ ಬೇರೆಯಾಗಿ ಮಾಡಿರುವುದಿಲ್ಲ. ಆದ್ದರಿಂದ ಆ ದಿನದ ಅಭ್ಯಾಸ ಮೂರೇ ಸ್ವರಗಳದ್ದು: ಸ, ಸ, ದ. ಎರಡನೆಯ ಷಡ್ಜ ಕೇಳುತ್ತಿರುವಾಗಲೇ ಕಣ್ಣು ಧೈವತದ ಮನೆಯನ್ನು ನೋಡಿರಬೇಕು, ಕೈ ಮನೆಗಳ ಮೇಲ್ಮೈಗೆ ಹತ್ತಿರದಲ್ಲೇ ಸರಿಯಬೇಕು. ಹತ್ತು ಸಲ ತಪ್ಪಿಲ್ಲದೆ ಬಂದ ಮೇಲೆ ಹಿಂದಿನ ಪಂಚಮವನ್ನೂ ಮುಂದಿನ ಮಧ್ಯಮವನ್ನೂ ಸೇರಿಸಿ. ಮತ್ತೆ ಹತ್ತು ಸಲ. ಇದಕ್ಕೆ ಏಳೆಂಟು ನಿಮಿಷ ಸಾಕು, ಇಡೀ ರಚನೆಯನ್ನು ಹದಿನೈದು ಸಲ ನುಡಿಸುವುದಕ್ಕಿಂತ ಇದರಿಂದ ಹೆಚ್ಚಿನ ಕೆಲಸ ಆಗುತ್ತದೆ ಎಂದು ನಾನು ಅನುಭವದಿಂದ ಹೇಳಬಲ್ಲೆ. ಯಾವುದೇ ಆವರ್ತವನ್ನು ಅಭ್ಯಾಸ ಮಾಡುವಾಗಲೂ ಮುಂದಿನ ಆವರ್ತದ ಮೊದಲ ಸ್ವರದವರೆಗೆ ಹೋಗಿಯೇ ನಿಲ್ಲಿಸಿ.

ಇನ್ನು ಎಡಗೈ. ಹಾರ್ಮೋನಿಯಂನಲ್ಲಿ ತಿದಿ ಒತ್ತಿ ಅಭ್ಯಾಸವಾದ ಎಡಗೈ ಪಿಯಾನೊ ಮುಂದೆ ಬಂದಾಗ ನಿಜಕ್ಕೂ ಶಾಲೆಗೆ ಹೊಸದಾಗಿ ಸೇರಿದ ಮಗು. ಅದರ ಮೇಲೆ ಬೇಸರಪಟ್ಟುಕೊಳ್ಳಬಾರದು. ಇದೇ ರಚನೆಯಲ್ಲಿ ಎರಡನೆಯ ಆವರ್ತದ ಉದ್ದಕ್ಕೂ ಎಡಗೈ ಗಾಂಧಾರವನ್ನೂ ಮೂರನೆಯದರಲ್ಲಿ ಮಧ್ಯಮವನ್ನೂ ಪೂರ್ತಿ ಮೂರು ಎಣಿಕೆ ಹಿಡಿದಿರಬೇಕು. ಬಲಗೈ ಓಡಾಡುವಾಗ ಎಡಗೈ ಬೆರಳು ತನಗೆ ಗೊತ್ತಿಲ್ಲದೆಯೇ ಮೇಲೇಳುತ್ತದೆ, ಎದ್ದ ಕ್ಷಣವೇ ಒಳಗಿನ ಫೆಲ್ಟಿನ ತುಂಡು ತಂತಿಯ ಮೇಲೆ ಕುಳಿತು ನಾದವನ್ನು ಆರಿಸಿಬಿಡುತ್ತದೆ. ಇದಕ್ಕೆ ನನ್ನ ಉಪಾಯವೆಂದರೆ ಎಡಗೈಯನ್ನು ನುಡಿಸುತ್ತಾ ಬಲಗೈಯ ಸ್ವರಗಳನ್ನು ಬಾಯಲ್ಲಿ ಹಾಡುವುದು. ನಮ್ಮ ಮಕ್ಕಳಿಗೆ ಸ್ವರ ಹಾಡಿ ರೂಢಿಯಿರುವುದರಿಂದ ಇದು ಬೇಗ ಬರುತ್ತದೆ, ಎರಡು ಎಳೆಗಳನ್ನು ಒಟ್ಟಿಗೆ ಕೇಳುವ ಕಿವಿಯೂ ತಯಾರಾಗುತ್ತದೆ. ಅದಾದ ಮೇಲೆ ಎರಡು ಕೈ ಕೂಡಿಸಿ, ಒಮ್ಮೆಗೆ ಒಂದೇ ಆವರ್ತ, ಬಿಡಿಕೈಯಲ್ಲಿ ನುಡಿಸಿದ ವೇಗದ ಅರ್ಧಕ್ಕೆ.

ವೇಗದ ಮಾತು ಬಂದಿದ್ದರಿಂದ ಹೇಳುತ್ತೇನೆ. ಸರಳೆ ವರಸೆಯನ್ನು ಮೊದಲ ಕಾಲದಲ್ಲಿ ಗಟ್ಟಿ ಮಾಡಿ ಆಮೇಲೆ ಎರಡನೆಯ, ಮೂರನೆಯ ಕಾಲಕ್ಕೆ ಹೋಗುವ ಕ್ರಮ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅಲ್ಲಿ ವೇಗ ಒಮ್ಮೆಗೇ ಇಮ್ಮಡಿಯಾಗುತ್ತದೆ. ಪಿಯಾನೊದಲ್ಲಿ ಎರಡು ಕೈಗಳಿರುವುದರಿಂದ ಇನ್ನೂ ಸಣ್ಣ ಮೆಟ್ಟಿಲು ಬೇಕು. ಮೆಲ್ಜೆಲ್ ಎಂಬವನು 1815ರಲ್ಲಿ ಹಕ್ಕುಪತ್ರ ಪಡೆದ ಮೆಟ್ರೊನೋಮ್, ಅಂದರೆ ಟಿಕ್ ಟಿಕ್ ಎಂದು ಸಮನಾಗಿ ಎಣಿಕೆ ಕೊಡುವ ಯಂತ್ರ, ಈಗ ಎಲ್ಲರ ಮೊಬೈಲಿನಲ್ಲೂ ಉಚಿತವಾಗಿ ಸಿಗುತ್ತದೆ. ಅದನ್ನು 60ಕ್ಕೆ, ಅಂದರೆ ಸೆಕೆಂಡಿಗೆ ಒಂದು ಎಣಿಕೆಗೆ ಇಟ್ಟು ಆರಂಭಿಸಿ. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ 64, ಆಮೇಲೆ 68. ಮಧ್ಯೆ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. 60ರಲ್ಲೂ ಕೈ ಗಟ್ಟಿಯಾಗಿ ಬಿಗಿಯುತ್ತಿದ್ದರೆ 50ಕ್ಕೆ ಇಳಿಯಲು ಸಂಕೋಚ ಬೇಡ. ಮರುದಿನ ಹಿಂದಿನ ದಿನ ಬಿಟ್ಟಲ್ಲಿಂದ ಶುರು ಮಾಡಬಾರದು, ಎರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡಬೇಕು. ರಾತ್ರಿ ನಿದ್ದೆಯಲ್ಲಿ ಕೈಯ ಕಲಿಕೆ ಗಟ್ಟಿಯಾಗುತ್ತದೆ, ಎರಡು ಮೆಟ್ಟಿಲನ್ನು ಮರುದಿನ ಅದು ಸುಲಭವಾಗಿ ಹತ್ತುತ್ತದೆ.

ಅದೇ ಕಾರಣಕ್ಕೆ ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಮೇಲು. ಒಂದು ನೋಟ್ ಪುಸ್ತಕದಲ್ಲಿ ಇಂದು ಯಾವ ಆವರ್ತ, ಯಾವ ವೇಗ, ಎಲ್ಲಿ ಕೈ ಬಿಗಿಯಿತು ಎಂದು ಒಂದು ಸಾಲು ಬರೆದಿಡಿ. ಇದನ್ನು ಬರೆಯುವವರಿಗೆ ಮರುದಿನ ವಾದ್ಯದ ಮುಂದೆ ಕುಳಿತು ಏನು ನುಡಿಸಲಿ ಎಂದು ಯೋಚಿಸುವ ಸಮಯ ಉಳಿತಾಯವಾಗುತ್ತದೆ. ಸ್ವರಶ್ರೇಣಿಗೆ ಐದು ನಿಮಿಷ ಕೊಡಿ: ಸಿ ಎಂಬ ಬಿಳಿ ಮನೆಯಿಂದ ಶಂಕರಾಭರಣ, ಬಲಗೈಯಲ್ಲಿ ಸ ರಿ ಗ ಒಂದು ಎರಡು ಮೂರನೆಯ ಬೆರಳಿಗೆ, ಹೆಬ್ಬೆರಳು ಕೆಳಗಿನಿಂದ ನುಸುಳಿ ಮಧ್ಯಮಕ್ಕೆ, ಎಡಗೈಯಲ್ಲಿ ಕಿರುಬೆರಳಿನಿಂದ ಹೊರಟು ಪಂಚಮಕ್ಕೆ ಹೆಬ್ಬೆರಳು ಬಂದಾಗ ನಡುಬೆರಳು ಅದರ ಮೇಲಿಂದ ದಾಟಿ ಧೈವತಕ್ಕೆ. ಹೆಬ್ಬೆರಳು ನುಸುಳುವಾಗ ಮೊಣಕೈ ಮೇಲೇಳದಂತೆ ನೋಡಿಕೊಳ್ಳಿ. ಆನೋನ್ ಎಂಬ ಫ್ರೆಂಚ್ ಶಿಕ್ಷಕ 1873ರಲ್ಲಿ ಪ್ರಕಟಿಸಿದ 60 ಬೆರಳ ಕಸರತ್ತುಗಳನ್ನು ಕೆಲವರು ಮೊದಲ ತಿಂಗಳಿನಿಂದಲೇ ಮಾಡಿಸುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಸಡಿಲ ಕೈ ಬರುವ ಮೊದಲೇ ಮಾಡಿದ ಕಸರತ್ತು ಬಿಗಿತವನ್ನೇ ಬೆಳೆಸುತ್ತದೆ. ಬಲಗಾಲಿನ ಪೆಡಲ್ ಕೂಡ ಆರು ತಿಂಗಳು ಕಾಯಬಹುದು.

ಕೊನೆಯದಾಗಿ ನಮ್ಮ ಮಳೆಯ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ ಮರದ ಪಿಯಾನೊ ಇಟ್ಟುಕೊಂಡವರಿಗೆ ಜೂನ್ ತಿಂಗಳಿನಿಂದಲೇ ಚಿಂತೆ. ತೇವ ಹೀರಿದ ನಾದಫಲಕ, ಅಂದರೆ ತಂತಿಗಳ ನಾದವನ್ನು ದೊಡ್ಡದು ಮಾಡುವ ಮರದ ಹಲಗೆ, ಉಬ್ಬಿ ತಂತಿಗಳನ್ನು ಎಳೆಯುವುದರಿಂದ ಶ್ರುತಿ ಏರುತ್ತದೆ, ಮನೆಗಳು ಒತ್ತಿದಲ್ಲೇ ಅಂಟಿಕೊಳ್ಳುತ್ತವೆ, ತಂತಿಗೆ ತುಕ್ಕು ಹಿಡಿಯುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ತಾಗಿಸಿ ಇಡಬೇಡಿ, ನುಡಿಸಿದ ಮೇಲೆ ಮುಚ್ಚಳ ಹಾಕಿ, ಮಳೆಗಾಲ ಮುಗಿದು ಒಂದು ತಿಂಗಳಾದ ಮೇಲೆ ಶ್ರುತಿ ಮಾಡಿಸಿ.

ಡಿಜಿಟಲ್ ವಾದ್ಯದವರಿಗೆ ಮಳೆಗಾಲದ ತೊಂದರೆ ಕರೆಂಟಿನದು. ತೀರ್ಥಹಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಕಳೆದ ಆಷಾಢದಲ್ಲಿ ಐದು ದಿನ ಕರೆಂಟೇ ಇರಲಿಲ್ಲ. ಅವಳಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು: ಕತ್ತಲೆಯಲ್ಲೇ ಸದ್ದಿಲ್ಲದ ವಾದ್ಯದ ಮುಂದೆ ಕುಳಿತುಕೊ, ಕಪ್ಪು ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಸರದಿಯಲ್ಲಿವೆ, ಬೆರಳಿನಿಂದ ತಡವಿ ಎರಡರ ಗುಂಪನ್ನು ಹುಡುಕು, ಅದರ ಎಡಕ್ಕಿರುವ ಬಿಳಿ ಮನೆ ಸಿ. ಅಲ್ಲಿಂದ ಪ್ರತಿಯೊಂದು ಮನೆಯನ್ನೂ ಹೆಸರಿಟ್ಟು ಮುಟ್ಟು, ಆಮೇಲೆ ಮಿನುಯೆಟ್ಟಿನ ನಾಲ್ಕು ಆವರ್ತಗಳನ್ನು ಬಾಯಲ್ಲಿ ಹಾಡಿಕೊಳ್ಳುತ್ತಾ ಬೆರಳಾಡಿಸು. ಮುಂದಿನ ವಾರ ಅವಳು ಬಂದು ನುಡಿಸಿದಾಗ ಸ, ಸ, ದ ದಾಟುವ ಜಾಗದಲ್ಲಿ ಅವಳ ಕಣ್ಣು ಕೆಳಗೆ ಇಳಿಯಲೇ ಇಲ್ಲ, ಕೈ ತಾನಾಗಿ ಹೋಗಿ ಧೈವತದ ಮೇಲೆ ಕುಳಿತಿತು. ಎಡಗೈ ಮಧ್ಯಮವನ್ನು ಮೂರು ಎಣಿಕೆಯೂ ಹಿಡಿದಿತ್ತು. ಅವತ್ತೇ ಅವಳಿಗೆ ಐದನೆಯ ಆವರ್ತವನ್ನು ಕೊಟ್ಟೆ.