ದೆವ್ವಕ್ಕಿಂತ ಮೊದಲು ಬರುವ ಸದ್ದು

ಕೇಳುಗರಿಗೆ ನಮಸ್ಕಾರ.

ಹಾರರ್ ಸಿನಿಮಾಗಳ ಟೀಸರ್ ಬಗ್ಗೆ ರೇಡಿಯೊದಲ್ಲಿ ಏನು ಮಾತನಾಡುವುದು, ತೋರಿಸಲು ಚಿತ್ರವೇ ಇಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಯಾವುದಾದರೂ ದೆವ್ವದ ಚಿತ್ರದ ಟೀಸರನ್ನು ಮೊಬೈಲಿನಲ್ಲಿ ಹಾಕಿ, ಧ್ವನಿಯನ್ನು ಪೂರ್ತಿ ತಗ್ಗಿಸಿ ನೋಡಿ. ಕತ್ತಲ ಪಡಸಾಲೆ, ಅರ್ಧ ತೆರೆದ ಬಾಗಿಲು, ಬಿಳಿಚಿಕೊಂಡ ಮುಖ, ಎಲ್ಲವೂ ಇರುತ್ತದೆ. ಹೆದರಿಕೆ ಮಾತ್ರ ಅಷ್ಟಾಗಿ ಹುಟ್ಟುವುದಿಲ್ಲ. ಅದನ್ನೇ ಕಣ್ಣು ಮುಚ್ಚಿಕೊಂಡು ಕೇಳಿ, ಮೈ ಜುಮ್ಮೆನ್ನುತ್ತದೆ. ಟೀಸರ್ ನಿಂತಿರುವುದು ಕಿವಿಯ ಮೇಲೆ.

ಇದಕ್ಕೆ ಕಾರಣವಿದೆ. ಟೀಸರಿಗೆ ಸಿಗುವುದು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಅಷ್ಟರಲ್ಲಿ ಕಥೆ ಹೇಳಲಾಗದು. ಪಾತ್ರಗಳು ಯಾರೆಂದೇ ಗೊತ್ತಿಲ್ಲದ ಮೇಲೆ ಅವರಿಗಾಗಿ ನಮ್ಮ ಜೀವ ಹೊಡೆದುಕೊಳ್ಳುವುದಾದರೂ ಹೇಗೆ? ಹಾಗಾಗಿ ಮನಸ್ಸಿನ ಗೊಡವೆಗೆ ಹೋಗದೆ ನೇರವಾಗಿ ದೇಹವನ್ನೇ ಹಿಡಿಯಬೇಕು. ಅದಕ್ಕೆ ಸದ್ದಿಗಿಂತ ಹತ್ತಿರದ ದಾರಿ ಇಲ್ಲ.

ಸ್ಟಾನ್ಲಿ ಕುಬ್ರಿಕ್ ನಿರ್ದೇಶನದ ‘ದಿ ಶೈನಿಂಗ್’ 1980ರಲ್ಲಿ ತೆರೆಕಂಡಿತು. ಅದರ ಟೀಸರಿನಲ್ಲಿ ಇರುವುದು ಒಂದೇ ಒಂದು ಶಾಟ್. ಹೋಟೆಲೊಂದರಲ್ಲಿ ಅಕ್ಕಪಕ್ಕ ಎರಡು ಲಿಫ್ಟುಗಳ ಕೆಂಪು ಬಾಗಿಲು, ಎದುರಿಗೆ ಕುರ್ಚಿಗಳು. ಜನವಿಲ್ಲ, ಕ್ಯಾಮೆರಾ ಅಲುಗಾಡುವುದಿಲ್ಲ. ನಟರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹರಿಯುತ್ತಿರುತ್ತವೆ. ಬಹಳ ಹೊತ್ತು ಏನೂ ನಡೆಯುವುದೇ ಇಲ್ಲ. ನಡೆಯುವುದೆಲ್ಲ ಹಿನ್ನೆಲೆಯಲ್ಲಿ. ಮೊದಲು ಸಣ್ಣದಾಗಿದ್ದ ಗುಂಯ್‌ಗುಡುವಿಕೆ ಬರಬರುತ್ತ ಕಿರುಚಾಟದಂತಾಗುತ್ತದೆ. ಬಾಗಿಲು ಮುಚ್ಚಿಯೇ ಇದೆ. ನಾವು ಮಾತ್ರ ಕುರ್ಚಿಯ ತುದಿಗೆ ಬಂದಿರುತ್ತೇವೆ. ಆಮೇಲೆ ಬಾಗಿಲ ಸಂದಿಯಿಂದ ರಕ್ತ ನುಗ್ಗುತ್ತದೆ, ಗೋಡೆಗೆ ಬಡಿಯುತ್ತದೆ, ಕುರ್ಚಿಗಳನ್ನು ತಳ್ಳಿಕೊಂಡು ಬಂದು ಕ್ಯಾಮೆರಾವನ್ನೇ ಮುಳುಗಿಸುತ್ತದೆ. ಆಗ ಅಮೆರಿಕದಲ್ಲಿ ಟ್ರೇಲರಿನಲ್ಲಿ ರಕ್ತ ತೋರಿಸಲು ಬಿಡುತ್ತಿರಲಿಲ್ಲವಂತೆ. ಅದು ರಕ್ತವಲ್ಲ, ತುಕ್ಕು ಬೆರೆತ ನೀರು ಎಂದು ಹೇಳಿ ಕುಬ್ರಿಕ್ ಒಪ್ಪಿಗೆ ಪಡೆದರೆಂಬ ಕಥೆ ಇಂದಿಗೂ ಓಡಾಡುತ್ತಿದೆ. ನಿಜವೋ ಸುಳ್ಳೋ, ಆ ಪ್ರವಾಹ ಬರುವ ಮೊದಲಿನ ಕಾಯುವಿಕೆಯಲ್ಲೇ ಅರ್ಧ ಪ್ರಾಣ ಹೋಗಿರುತ್ತದೆ.

ಏರುತ್ತ ಹೋಗುವ ಈ ಸದ್ದಿನ ಹಿಂದೆ ಒಂದು ಸ್ವಾರಸ್ಯಕರ ಲೆಕ್ಕಾಚಾರವೂ ಇದೆ. 1964ರಲ್ಲಿ ರೋಜರ್ ಶೆಪರ್ಡ್ ಎಂಬ ಮನೋವಿಜ್ಞಾನಿ ಒಂದು ಶ್ರವಣಭ್ರಮೆಯನ್ನು ತೋರಿಸಿಕೊಟ್ಟರು. ಒಂದೇ ಸ್ವರವನ್ನು ಬೇರೆ ಬೇರೆ ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸಿ ಎಲ್ಲವನ್ನೂ ಮೇಲೇರಿಸುತ್ತಾರೆ. ಮೇಲಿನದು ಮೆಲ್ಲಗೆ ಮರೆಯಾಗುತ್ತಿದ್ದಂತೆ ಕೆಳಗಿನಿಂದ ಹೊಸದೊಂದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಸ್ವರ ಏರುತ್ತಲೇ ಇದೆ, ತುದಿಯೇ ಇಲ್ಲ ಎಂದು ಕಿವಿ ನಂಬಿಬಿಡುತ್ತದೆ. ಸಂಗೀತದಲ್ಲಿ ಏರಿದ್ದು ಎಲ್ಲೋ ಒಂದು ಕಡೆ ನಿಲ್ಲಬೇಕೆಂಬುದು ನಮ್ಮ ನಿರೀಕ್ಷೆ. ನಿಲ್ಲದಿದ್ದರೆ ಉಸಿರು ಬಿಗಿಯುತ್ತದೆ. ಟೀಸರ್ ಸಂಕಲಿಸುವವರು ಹೀಗೆ ಏರಿಸಿ ಏರಿಸಿ, ತಟ್ಟನೆ ಎಲ್ಲವನ್ನೂ ಕತ್ತರಿಸಿ ಹಾಕುತ್ತಾರೆ. ಪೂರ್ತಿ ಮೌನ. ಆಮೇಲೆ ಧಡ್ ಎನ್ನುವ ಒಂದು ಹೊಡೆತ. ಈ ವರಸೆ ಈಗ ಸವಕಲಾಗಿದೆ ಎಂಬುದು ನನ್ನ ತಕರಾರು. ಹೊಡೆತ ಯಾವಾಗ ಬೀಳುತ್ತದೆಂದು ಶಾಲೆಯ ಹುಡುಗರೂ ಹೇಳಬಲ್ಲರು.

ಬುದ್ಧಿವಂತರು ಬೇರೆ ದಾರಿ ಹುಡುಕಿದ್ದಾರೆ. ಡ್ಯಾನಿ ಬಾಯ್ಲ್ ನಿರ್ದೇಶನದ ‘28 ಇಯರ್ಸ್ ಲೇಟರ್’ ಚಿತ್ರದ ಟ್ರೇಲರ್ 2024ರ ಡಿಸೆಂಬರಿನಲ್ಲಿ ಬಂತು. ಅದನ್ನು ಹೊತ್ತು ನಡೆಸುವುದು ಒಂದು ಕವಿತೆಯ ವಾಚನ. ರುಡ್ಯಾರ್ಡ್ ಕಿಪ್ಲಿಂಗರ ‘ಬೂಟ್ಸ್’. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ನಡೆದು ನಡೆದು ತಲೆ ಕೆಟ್ಟ ಸಿಪಾಯಿಯ ಅಳಲು. ಅದನ್ನು ಟೇಲರ್ ಹೋಮ್ಸ್ ಎಂಬ ಅಮೆರಿಕನ್ ನಟ 1915ರಲ್ಲಿ ಧ್ವನಿಮುದ್ರಿಸಿದ್ದರು. ಹಳೆಯ ಗ್ರಾಮಫೋನ್ ತಟ್ಟೆಯ ಕರಕರ ಸದ್ದು, ಕವಾಯತಿನ ಲಯ, ‘ಬೂಟ್ಸ್, ಬೂಟ್ಸ್’ ಎಂದು ಮತ್ತೆ ಮತ್ತೆ ಬರುವ ಮಾತು. ಶುರುವಿನಲ್ಲಿ ಹಿಡಿತದಲ್ಲಿದ್ದ ದನಿ ಕೊನೆಗೆ ಹುಚ್ಚು ಹಿಡಿದಂತೆ ಕೂಗುತ್ತದೆ. ನೂರು ವರ್ಷ ಹಳೆಯ ಆ ದನಿಗೂ ಚಿತ್ರದ ಕಥೆಗೂ ಮೊದಲ ನೋಟಕ್ಕೆ ಸಂಬಂಧವೇ ಕಾಣದು. ಆದರೂ ನಾನು ಈಚೆಗೆ ಕೇಳಿದ ಟ್ರೇಲರುಗಳಲ್ಲಿ ಇಷ್ಟು ಕಾಡಿದ್ದು ಇನ್ನೊಂದಿಲ್ಲ. ‘ಕೇಳಿದ’ ಎಂದೇ ಹೇಳುತ್ತಿದ್ದೇನೆ.

ಇದಕ್ಕೂ ಮುಂಚೆ, 2018ರಲ್ಲಿ, ಜೋರ್ಡನ್ ಪೀಲ್ ನಿರ್ದೇಶನದ ‘ಅಸ್’ ಚಿತ್ರದ ಟ್ರೇಲರ್ ಹೀಗೆಯೇ ಒಂದು ಹಳೆಯ ಹಿಪ್‌ಹಾಪ್ ಹಾಡನ್ನು ಬಳಸಿತ್ತು. ಸಂಸಾರವೊಂದು ಕಾರಿನಲ್ಲಿ ನಗುನಗುತ್ತ ಕೇಳುವ ಹಾಡು ಮುಂದೆ ನಿಧಾನಗೊಂಡು ಕರ್ಕಶವಾಗುತ್ತದೆ. ಪ್ರೇಕ್ಷಕರು ಅದನ್ನು ಎಷ್ಟು ಮೆಚ್ಚಿದರೆಂದರೆ ಆ ರೂಪವೇ ಚಿತ್ರದೊಳಗೂ ಸೇರಿತು. ಜಾಹೀರಾತು ಚಿತ್ರವನ್ನು ತಿದ್ದಿದ ಅಪರೂಪದ ಪ್ರಸಂಗ.

ನಮ್ಮ ಕಡೆ ಈ ಕೆಲಸವನ್ನು ಬಹಳ ಕಾಲ ಗೆಜ್ಜೆಯೇ ಮಾಡಿಕೊಂಡು ಬಂತು. ದೆವ್ವಕ್ಕಿಂತ ಮೊದಲು ಗೆಜ್ಜೆ ಬರಬೇಕು, ನಾಯಿ ಊಳಿಡಬೇಕು. 2004ರ ‘ಆಪ್ತಮಿತ್ರ’ದ ನಾಗವಲ್ಲಿಯ ಹೆಸರು ಹೇಳಿದರೆ ಈಗಲೂ ಅನೇಕರ ಕಿವಿಯಲ್ಲಿ ಗೆಜ್ಜೆ ಉಲಿಯುತ್ತದೆ. 2013ರ ‘6-5=2’ ಬೇರೆ ಜಾಡು ಹಿಡಿಯಿತು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳಿವು ಎಂಬ ಹೊದಿಕೆಯಲ್ಲಿ ಬಂದ ಚಿತ್ರ ಅದು. ಅಲ್ಲಿ ಗೆಜ್ಜೆಯ ಜಾಗಕ್ಕೆ ಏದುಸಿರು, ಒಣಗಿದ ಎಲೆಗಳ ಸರಸರ. ಲೆಕ್ಕ ತಪ್ಪಿದ ಆ ಹೆಸರೇ ಅರ್ಧ ಟೀಸರು ಬಿಡಿ.

ಹೆದರಿಸಿದ ಮಾತ್ರಕ್ಕೆ ಜನ ಟಿಕೆಟ್ ಕೊಳ್ಳುತ್ತಾರೆಯೇ? 2009ರಲ್ಲಿ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯವರು ಇದಕ್ಕೆ ಚೆನ್ನಾದ ಉತ್ತರ ಕಂಡುಕೊಂಡರು. ಟ್ರೇಲರಿನಲ್ಲಿ ಸಿನಿಮಾದಷ್ಟೇ ಪ್ರೇಕ್ಷಕರನ್ನೂ ತೋರಿಸಿದರು. ಕತ್ತಲ ಚಿತ್ರಮಂದಿರದಲ್ಲಿ ತೆಗೆದ ಹಸಿರು ಮಬ್ಬಿನ ದೃಶ್ಯಗಳು. ಪಕ್ಕದವರ ತೋಳು ಹಿಡಿದವರು, ಮುಖ ಮುಚ್ಚಿಕೊಂಡವರು, ಇಡೀ ಸಾಲು ಒಟ್ಟಿಗೆ ಬೆಚ್ಚಿಬೀಳುವುದು, ಕೂಗು, ಕೂಗಿನ ಹಿಂದೆಯೇ ನಗು. ಸುಮಾರು 15 ಸಾವಿರ ಡಾಲರಿನಲ್ಲಿ ತೆಗೆದ ಚಿತ್ರ ಜಗತ್ತಿನಾದ್ಯಂತ 19 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಒಬ್ಬರೇ ಹೆದರುವುದು ಕಷ್ಟ, ನಾಲ್ಕು ಜನರ ನಡುವೆ ಹೆದರುವುದು ಮೋಜು. ಆ ಟ್ರೇಲರ್ ಮಾರಿದ್ದು ಈ ಮೋಜನ್ನು.

ಇನ್ನೊಂದು ಉಪಾಯ, ಗುಟ್ಟು ಬಿಟ್ಟುಕೊಡದಿರುವುದು. 2024ರ ‘ಲಾಂಗ್‌ಲೆಗ್ಸ್’ ಚಿತ್ರದಲ್ಲಿ ಕೊಲೆಗಾರನಾಗಿ ನಟಿಸಿದವರು ನಿಕೋಲಸ್ ಕೇಜ್. ಅಷ್ಟು ಹೆಸರಾಂತ ನಟನ ಮುಖವನ್ನು ಪ್ರಚಾರದಲ್ಲಿ ಮುಚ್ಚಿಟ್ಟರು. ಕೇಜ್ ಅವರ ವಿಚಿತ್ರ ದನಿ ಕೇಳಿಸಿದರು, ಮುಖ ತೋರಿಸಲಿಲ್ಲ. ಮೊದಲ ಟೀಸರುಗಳಲ್ಲಿ ಚಿತ್ರದ ಹೆಸರೂ ಇರಲಿಲ್ಲ. ಮೊದಲ ವಾರಾಂತ್ಯದಲ್ಲೇ ಅಮೆರಿಕದಲ್ಲಿ 2 ಕೋಟಿ ಡಾಲರ್ ದಾಟಿತು. ಇಂತಹ ಸಂಯಮ ಎಲ್ಲರಿಗೂ ಇರುವುದಿಲ್ಲ. ಟೀಸರ್ ಚೆನ್ನಾಗಿ ಓಡಿತೆಂದರೆ ಬೆನ್ನಿಗೇ ಎರಡೂವರೆ ನಿಮಿಷದ ಟ್ರೇಲರ್ ಬರುತ್ತದೆ. ದೆವ್ವ ಯಾರು, ಏಕೆ ಬಂತು, ಯಾರನ್ನು ಹಿಡಿದಿದೆ ಎಂಬುದನ್ನೆಲ್ಲ ಬಿಡಿಸಿ ಹೇಳುತ್ತದೆ. ಅಂಥದ್ದು ಕಂಡಾಗ ನಾನು ಮುಲಾಜಿಲ್ಲದೆ ಮುಂದಕ್ಕೆ ಸರಿಸಿಬಿಡುತ್ತೇನೆ. ನಮಸ್ಕಾರ.