ಡ್ರೈವರನ್ನು ಯಾರು ಕೊಂದರೆ ನಿಮಗೇನು ಸ್ವಾಮಿ?

ನಮಸ್ಕಾರ. ಇವತ್ತು ಬೇರೇನೋ ಮಾತಾಡಬೇಕಿತ್ತು. ಆದರೆ ಹೋದ ವಾರದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: ‘ನೀವು ಹೇಳಿದಿರಿ ಅಂತ ದಿ ಬಿಗ್ ಸ್ಲೀಪ್ ನೋಡಿದೆ. ತಲೆಬುಡ ಅರ್ಥವಾಗಲಿಲ್ಲ. ಆ ಡ್ರೈವರನ್ನು ಕೊಂದದ್ದು ಯಾರು? ನನ್ನ ಎರಡು ಗಂಟೆ ವಾಪಸ್ ಕೊಡಿ.’

ಸ್ವಾಮಿ, ಆ ಹಳೆಯ ಹಾಲಿವುಡ್ ಪತ್ತೇದಾರಿ ಸಿನಿಮಾ ಇರುವುದೇ 114 ನಿಮಿಷ. ನೀವೇ ನನಗೆ ಆರು ನಿಮಿಷ ಬಾಕಿ.

ಇನ್ನು ಕಥೆಯಲ್ಲಿ ಸಾಯುವ ಆ ಡ್ರೈವರ್ ವಿಷಯ. ಚಿತ್ರ ಮಾಡಿದವರಿಗೂ ಅದು ಗೊತ್ತಿರಲಿಲ್ಲ! ಕಾದಂಬರಿ ಬರೆದ ರೇಮಂಡ್ ಚಾಂಡ್ಲರ್‌ಗೇ ತಂತಿ ಕಳಿಸಿ ಕೇಳಿದರು. ಆತನಿಗೂ ಗೊತ್ತಿರಲಿಲ್ಲ. ಚಿತ್ರಕಥೆ ಬರೆದವರಲ್ಲಿ ವಿಲಿಯಂ ಫಾಕ್ನರ್ ಒಬ್ಬ. ಮುಂದೆ ನೊಬೆಲ್ ಪಡೆದ ಮನುಷ್ಯ. ಅವನೇ ಬಿಡಿಸದ ಗಂಟನ್ನು ನಾನು ಕಾಮೆಂಟಿನಲ್ಲಿ ಬಿಡಿಸಬೇಕಂತೆ.

ಪತ್ತೇದಾರಿ ನುವಾರ್ ಚಿತ್ರವನ್ನು, ಅಂದರೆ ನೆರಳು-ಕತ್ತಲೆಯ ಅಪರಾಧ ಚಿತ್ರವನ್ನು, ಪತ್ತೆಗಾಗಿ ನೋಡುವುದಲ್ಲ, ಪತ್ತೇದಾರನಿಗಾಗಿ ನೋಡುವುದು. ಆ ಗಾಜಿನ ಮನೆಯ ದೃಶ್ಯ ನೆನಪಿದೆಯಾ? ಸುತ್ತ ಆರ್ಕಿಡ್ ಗಿಡ, ಉಸಿರುಗಟ್ಟಿಸುವ ಸೆಕೆ. ಮುದುಕ ಜನರಲ್ ಗಾಲಿಕುರ್ಚಿಯಲ್ಲಿ, ಅಷ್ಟು ಸೆಕೆಯಲ್ಲೂ ಕಂಬಳಿ ಹೊದ್ದು ಕೂತಿದ್ದಾನೆ. ಪತ್ತೇದಾರ ಮಾರ್ಲೋ ಆಗಿರುವ ಹಂಫ್ರಿ ಬೋಗಾರ್ಟ್ ಕೋಟು ತೆಗೆಯುತ್ತಾನೆ. ಶರ್ಟು ಬೆವರಿನಲ್ಲಿ ತೊಯ್ದಿದೆ. ಮುದುಕನಿಗೆ ಕುಡಿಯುವ ಹಾಗಿಲ್ಲ. ಅದಕ್ಕೆ ಇವನ ಕೈಗೆ ಬ್ರಾಂದಿ ಕೊಡಿಸಿ, ಇವನು ಕುಡಿಯುವುದನ್ನು ನೋಡಿಯೇ ಚಪಲ ತೀರಿಸಿಕೊಳ್ಳುತ್ತಾನೆ. ಅಲ್ಲಿ ಯಾವ ಕೊಲೆಗಾರ ಬೇಕು ನಿಮಗೆ?

‘ಹಾಗಾದರೆ ಕಥೆಯೇ ಬೇಡವಾ?’ ಅಂತ ಕೇಳುವವರಿದ್ದಾರೆ. ಕಥೆ ಬೇಕಿದ್ದರೆ ನಮ್ಮಜ್ಜಿ ಹೇಳುತ್ತಿದ್ದಳು, ಫ್ರೀಯಾಗಿ. ಅಂದಹಾಗೆ ನಮ್ಮ ಚಾನೆಲ್ಲೂ ಫ್ರೀ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ದೇವಸ್ಥಾನದಲ್ಲಿ ಬಾರಿಸುವಷ್ಟು ಭಕ್ತಿ ಬೇಡ.

ಎಲ್ಲಿದ್ದೆ? ಹಾಂ. ಈ ಚಿತ್ರದ ಮೊದಲ ರೂಪ 1945ರಲ್ಲೇ ಸಿದ್ಧವಾಗಿ, ಅಮೆರಿಕದ ಸೈನಿಕರಿಗೆ ತೋರಿಸಿಯೂ ಆಗಿತ್ತು. ಅದರಲ್ಲಿ ಮಾರ್ಲೋ ಸರ್ಕಾರಿ ವಕೀಲರ ಆಫೀಸಿನಲ್ಲಿ ಕೂತು ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳುವ ಸೀನ್ ಇತ್ತು. 1946ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಅದಿಲ್ಲ, ಕಿತ್ತು ಹಾಕಿದರು! ಬೋಗಾರ್ಟ್ ಮತ್ತು ನಾಯಕಿ ಲಾರೆನ್ ಬಕಾಲ್ ಎದುರುಬದುರು ಕೂತು ಕುದುರೆ ರೇಸಿನ ನೆಪದಲ್ಲಿ ಪೋಲಿ ಮಾತಾಡುವ ಸೀನ್ ಹೊಸದಾಗಿ ತೆಗೆದು ಸೇರಿಸಿದರು. ನಿರ್ದೇಶಕ ಹೊವಾರ್ಡ್ ಹಾಕ್ಸ್‌ಗೆ ಗೊತ್ತಿತ್ತು ಸ್ವಾಮಿ, ಜನ ಯಾಕೆ ಟಿಕೆಟ್ ತಗೊಳ್ಳುತ್ತಾರೆ ಅಂತ. ನಿಮಗೆ ಗೊತ್ತಿಲ್ಲ.

ಪುಸ್ತಕದಂಗಡಿ ಸೀನ್ ನೋಡಿ. ಹೊರಗೆ ಮಳೆ. ಮಾರ್ಲೋ ಜೇಬಿನಲ್ಲಿ ಬಾಟಲಿ. ಅಂಗಡಿ ಹುಡುಗಿ ಬಾಗಿಲ ಪರದೆ ಎಳೆದು ಕನ್ನಡಕ ತೆಗೆಯುತ್ತಾಳೆ. ಅಷ್ಟೇ. ಆಮೇಲೆ ಅವಳು ಚಿತ್ರದಲ್ಲಿ ಬರುವುದೇ ಇಲ್ಲ. ಆದರೂ ಮರೆಯಕ್ಕಾಗಲ್ಲ, ಅಲ್ವಾ? ಯಾಕೆ? ಯಾಕೆ ಅಂದರೆ... ಮಳೆ ಸ್ವಾಮಿ. ಮಳೆ, ಹ್ಯಾಟು, ಆ ಧ್ವನಿ. ಇದಕ್ಕೆಲ್ಲ ಕಾರಣ ಕೊಡಬೇಕಾ?

ಬರೆದುಕೊಂಡಿದ್ದು ಇಷ್ಟೇ. ಕ್ಯಾಮೆರಾ ಹಿಂದೆ ನಮ್ಮ ಎಡಿಟಿಂಗ್ ಹುಡುಗ ಆಗಿನಿಂದ ಕೈ ಎತ್ತಿಕೊಂಡು ನಿಂತಿದ್ದಾನೆ. ಏನಪ್ಪಾ?

‘ಸಾರ್, ಅದೇ... ಡ್ರೈವರನ್ನ...’

ಆಫ್ ಮಾಡೋ ಅದನ್ನ.