ಇನ್ನೊಂದು ಕಣ್ಣನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಬೀದರ್ ಕೋಟೆಯ ಫೋಟೊ ತೆಗೆಯದವರು ಈ ಹಾಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಅಂತ, ಒಟ್ಟಿಗೆ ನೋಡಿದಾಗ ಆಳ ಕಾಣುವ ಜೋಡಿ ಫೋಟೊ ತೆಗೆಯುವವರೂ ಇದ್ದೀರಿ. ಒಂದು ಫೋಟೊ ಹೊಡೆದು, ಮೈಭಾರವನ್ನು ಎಡಗಾಲಿಂದ ಬಲಗಾಲಿಗೆ ಹಾಕಿ, ಇನ್ನೊಂದು ಹೊಡೆಯುವುದು ನಿಮಗೆ ಗೊತ್ತೇ ಇದೆ. ಹಾಗಾಗಿ ಅದನ್ನು ಬಿಡುತ್ತೇನೆ. ತೆಗೆದ ಜೋಡಿಯನ್ನು ಕಂಪ್ಯೂಟರಿನಲ್ಲಿ ಕೆಡಿಸದೆ ತಿದ್ದುವುದು ಹೇಗೆ, ಅಷ್ಟೇ ಇವತ್ತಿನ ಮಾತು.

ನಮ್ಮ ಬೀದರಿನ ಗಾವಾನ್ ಮದರಸಾದ ಒಂದು ಜೋಡಿ ತೆಗೆದಿದ್ದೆ. 1472ರ ಕಟ್ಟಡ, ಉಳಿದಿರುವ ಒಂದೇ ಮಿನಾರು, ಅದರ ಮೇಲೆ ಸಂಜೆ ಬಿಸಿಲು. ನಡುವೆ ಒಂದು ಕರೆಂಟ್ ತಂತಿ! ಫೋಟೊಶಾಪ್‌ನಲ್ಲಿ ಕ್ಲೋನ್ ಸ್ಟ್ಯಾಂಪ್, ಅಂದರೆ ಚಿತ್ರದ ಒಂದು ಕಡೆಯದನ್ನು ಇನ್ನೊಂದು ಕಡೆ ಅಚ್ಚೊತ್ತುವ ಸಾಧನ, ಹಿಡಿದು ಕೂತೆ. ಎಡ ಚಿತ್ರದಲ್ಲಿ ಪಕ್ಕದ ಹೆಂಚು ತಂದು ತಂತಿ ಮುಚ್ಚಿದೆ. ಬಲ ಚಿತ್ರದಲ್ಲಿ ಇನ್ನೆಲ್ಲಿಂದಲೋ ತಂದು ಮುಚ್ಚಿದೆ. ಎರಡನ್ನೂ ಬೇರೆ ಬೇರೆ ನೋಡಿದರೆ ತಂತಿ ಇತ್ತು ಅಂತ ಯಾರೂ ಹೇಳಲಾರರು. ಖುಷಿಯಿಂದ, ಎರಡು ಚಿತ್ರಗಳನ್ನು ಒಂದೊಂದು ಕಣ್ಣಿಗೆ ತೋರಿಸುವ ವ್ಯೂವರ್‌ಗೆ ಹಾಕಿ ಅವ್ವನ ಕೈಗೆ ಕೊಟ್ಟೆ. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: “ಗ್ವಾಡಿಗಿ ತಗ್ಗು ಬಿದ್ದದಲ್ಲೋ, ಯಾವಾಗ ಬಿತ್ತು?”

ಹೌದು, ತಗ್ಗು ಬಿದ್ದಿತ್ತು. ತೇಪೆ ಹಾಕಿದ ಕಡೆಯೆಲ್ಲ ಗೋಡೆ ಒಳಗೆ ಹೋಗಿತ್ತು. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಇದನ್ನು ಬರೀ ಗೆರೆಚಿತ್ರಗಳಿಂದ ತೋರಿಸಿದ್ದ. ನಮಗೆ ಕಾಣುವ ಆಳ ಎರಡು ಚಿತ್ರಗಳ ನಡುವಿನ ವ್ಯತ್ಯಾಸದಲ್ಲಿದೆ. ಆ ವ್ಯತ್ಯಾಸವನ್ನೇ ನಾನು ಅಲುಗಾಡಿಸಿದ್ದೆ.

ಅದಕ್ಕೇ ಹೇಳುತ್ತೇನೆ, ಪಕ್ಕದಿಂದ ತರಬೇಡಿ, ಇನ್ನೊಂದು ಕಣ್ಣನ್ನು ಕೇಳಿ. ಅಡ್ಡ ಬಂದದ್ದು ಕರೆಂಟ್ ಕಂಬ ಅಂತಿಟ್ಟುಕೊಳ್ಳಿ, ಅದು ಎಡಗಣ್ಣಿಗೆ ಮರೆ ಮಾಡಿದ ಗೋಡೆ ಎಷ್ಟೋ ಸಲ ಬಲಗಣ್ಣಿಗೆ ಕಾಣುತ್ತಿರುತ್ತದೆ. ಒಂದೇ ಫೈಲಿನಲ್ಲಿ ಎಡ ಚಿತ್ರದ ಮೇಲೆ ಬಲ ಚಿತ್ರವನ್ನು ಇನ್ನೊಂದು ಪದರವಾಗಿ (ಲೇಯರ್) ಇಡಿ. ಅರ್ಧ ಪಾರದರ್ಶಕ ಮಾಡಿ. ಕಂಬದ ಹಿಂದಿನ ಹೆಂಚು ಹೆಂಚಿನ ಮೇಲೆ ಕೂರುವವರೆಗೆ ಸರಿಸಿ. ಆಮೇಲೆ ಮಾಸ್ಕ್ ಹಾಕಿ, ಅಂದರೆ ಮೇಲಿನ ಚಿತ್ರವನ್ನೆಲ್ಲ ಮುಚ್ಚಿ, ಕಂಬ ಇರುವ ಕಡೆ ಬೇಕಾದಷ್ಟೇ ತೆರೆಯಿರಿ. ಗೋಡೆ ಓರೆಯಾಗಿದ್ದರೆ ಸ್ವಲ್ಪ ಸ್ವಲ್ಪವೇ ಮಾಡಿ, ಯಾಕಂದ್ರೆ ಸರಿಸುವ ಅಳತೆ ಬದಲಾಗುತ್ತಾ ಹೋಗುತ್ತದೆ.

ಆದರೆ ಅಡ್ಡ ತಂತಿ? ಅದು ಎರಡೂ ಕಣ್ಣಿಗೆ ಒಂದೇ ಸಾಲನ್ನು ಮುಚ್ಚುತ್ತದೆ, ಕೇಳಿದರೂ ಉತ್ತರ ಸಿಗುವುದಿಲ್ಲ. ಆಗ ಒಂದು ಚಿತ್ರದಲ್ಲಿ ಮೇಲಿಂದಲೋ ಕೆಳಗಿಂದಲೋ ತಂದು ಚೆನ್ನಾಗಿ ತಿದ್ದಿ. ಅದೇ ತೇಪೆಯನ್ನು, ಎರಡು ಚಿತ್ರಗಳ ನಡುವೆ ಗೋಡೆ ಎಷ್ಟು ಸರಿದಿದೆಯೋ ಅಷ್ಟೇ ಸರಿಸಿ, ಇನ್ನೊಂದಕ್ಕೆ ಒಯ್ಯಿರಿ. ಎರಡು ಸಲ ತಿದ್ದಬೇಡಿ. ಈಗಿನ ಎಐ ತುಂಬಿಸಿಕೊಡುವುದರಲ್ಲೂ ಇದೇ ತೊಂದರೆ. ಎಡಕ್ಕೆ ಒಂದು ಕಲ್ಲು ಕಟ್ಟುತ್ತದೆ, ಬಲಕ್ಕೆ ಮತ್ತೊಂದು.

ಒಬ್ಬರು ನನ್ನನ್ನು ಕೇಳಿದ್ದರು, ಮಿನಾರನ್ನು ಕಾಪಿ ಮಾಡಿ ಬಿದ್ದುಹೋದ ಮಿನಾರಿನ ಜಾಗದಲ್ಲಿ ನಿಲ್ಲಿಸಬಹುದಾ ಅಂತ. ಬೇಡ ರೀ. ತಂತಿ ತೆಗೆದರೆ ಅದರ ಹಿಂದಿದ್ದ ಗೋಡೆ ಸಿಗುತ್ತದೆ. ಇಲ್ಲದ ಮಿನಾರನ್ನು ನಿಲ್ಲಿಸಿದರೆ ನಮ್ಮೂರಿನ ನಿಜವೇ ಹೋಗುತ್ತದೆ.

ಚೀಟಿ ಬಂತು, ಐದೇ ನಿಮಿಷ. ಬಣ್ಣ ಹೊಂದಿಸುವುದನ್ನು ಬಿಡುತ್ತೇನೆ. ಎರಡು ಚಿತ್ರಗಳ ಎತ್ತರ ತಗ್ಗು ಹೊಂದಿಸುವುದನ್ನು ಸ್ಟೀರಿಯೊ ಫೋಟೊ ಮೇಕರ್ ಅನ್ನುವ ಸಾಫ್ಟ್‌ವೇರ್ ಮಾಡಿಕೊಡುತ್ತದೆ, ತಿದ್ದುವ ಮೊದಲೇ ಮಾಡಿಸಿಕೊಳ್ಳಿ.

ಇದನ್ನು ಮಾತ್ರ ಹೇಳಲೇಬೇಕು. ಕೋಟೆಯೊಳಗಿನ ರಂಗೀನ್ ಮಹಲ್‌ನ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ಇದೆಯಲ್ಲ, ಅದು ಎಡಗಣ್ಣಿಗೆ ಫಳ್ ಅಂದರೆ ಬಲಗಣ್ಣಿಗೆ ಮಂಕಾಗಿರಬಹುದು. ಬಿದರಿ ಹೂಜಿಯ ಬೆಳ್ಳಿಯೂ ಹಾಗೇ. ಕಲೆ ಅಂತ ಅಳಿಸಿಬಿಡಬೇಡಿ! ಎರಡು ಕಣ್ಣಿನ ಆ ಜಗಳವೇ ಹೊಳಪು. ಅಳಿಸಿದರೆ ಚಿಪ್ಪು ಸುಣ್ಣದ ತುಂಡಾಗುತ್ತದೆ. ಕಲೆಯೋ ಹೊಳಪೋ ಗೊತ್ತಾಗದಿದ್ದರೆ ವ್ಯೂವರ್‌ನಲ್ಲಿ ನೋಡಿ, ಆಮೇಲೆ ಮೌಸ್ ಮುಟ್ಟಿ.

ಪೆನ್ ಡ್ರೈವ್ ತಂದವರು ಮುಂದೆ ಬನ್ನಿ. ಅಡ್ಡ ತಂತಿ ಇರುವ ಜೋಡಿ ಯಾರ ಹತ್ತಿರ ಇದೆ? ಅದನ್ನೇ ಮೊದಲು ಹಾಕೋಣ.